ದಾನದ ಹಂಗು, ಮತದ ಹಕ್ಕು

ಇಂಗ್ಲೆಂಡಿನಲ್ಲಿ 1918ರವರೆಗೂ ಒಂದು ವಿಚಿತ್ರ ನಿಯಮ ಜಾರಿಯಲ್ಲಿತ್ತು. ಕಷ್ಟಕಾಲದಲ್ಲಿ ಊರಿನ ಬಡವರ ನಿಧಿಯಿಂದ ನೆರವು ಪಡೆದವನ ಹೆಸರು ಮತದಾರರ ಪಟ್ಟಿಯಿಂದ ಹೊರಗುಳಿಯುತ್ತಿತ್ತು. ಅವನು ಕಳ್ಳನಲ್ಲ, ಸುಳ್ಳುಸಾಕ್ಷಿ ಹೇಳಿದವನಲ್ಲ, ರಾಜದ್ರೋಹಿಯೂ ಅಲ್ಲ. ಕಾರ್ಖಾನೆ ಮುಚ್ಚಿ ಕೂಲಿ ನಿಂತಾಗ ಮಕ್ಕಳಿಗೆಂದು ರೊಟ್ಟಿ ಪಡೆದಿದ್ದ, ಅಷ್ಟೇ. ಹಿಂದಿನ ಹನ್ನೆರಡು ತಿಂಗಳಲ್ಲಿ ಇಂಥ ನೆರವು ಪಡೆದವರಿಗೆ ಮತವಿಲ್ಲವೆಂದು 1832ರ ಸುಧಾರಣಾ ಕಾಯ್ದೆ ಪಟ್ಟಣಗಳ ಮಟ್ಟಿಗೆ ವಿಧಿಸಿತು. 1867ರ ಕಾಯ್ದೆ ಅದನ್ನು ಗ್ರಾಮಾಂತರ ಕ್ಷೇತ್ರಗಳಿಗೂ ವಿಸ್ತರಿಸಿತು. 1885ರವರೆಗೆ ಬಡವರ ನಿಧಿಯ ವೈದ್ಯನಿಂದ ಔಷಧಿ ಪಡೆದರೂ ಸಾಕು, ಮತ ಹೋಗುತ್ತಿತ್ತು.

ಈ ನಿಧಿಯ ಬೇರು ಇರುವುದು ಕ್ರೈಸ್ತ ಧರ್ಮದ ದಾನಪರಂಪರೆಯಲ್ಲಿ. ಎಲ್ಲರೂ ಒಬ್ಬನೇ ದೇವರ ಮಕ್ಕಳು, ಹಸಿದವನಿಗೆ ಉಣಿಸಿದ್ದು ದೇವರಿಗೇ ಉಣಿಸಿದಂತೆ ಎಂದು ಸಾರಿದ ಪರಂಪರೆ ಅದು. ಮನುಷ್ಯರೆಲ್ಲ ಸಮಾನರೆಂಬ ಪ್ರಜಾಪ್ರಭುತ್ವದ ಮೂಲನಂಬಿಕೆಗೆ ಯುರೋಪಿನಲ್ಲಿ ನೀರೆರೆದದ್ದು ಬಹುಮಟ್ಟಿಗೆ ಇದೇ ಉಪದೇಶ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಹೀಗಿರುವಾಗ ಅದೇ ದಾನವನ್ನು ಪಡೆದವನು ಪ್ರಜೆಯ ಪಟ್ಟಿಯಿಂದ ಹೊರಬಿದ್ದದ್ದು ಹೇಗೆ? ಉತ್ತರಕ್ಕೆ ಕನ್ನಡದ ಒಂದು ಪುಟ್ಟ ಪದ ನೆರವಾಗುತ್ತದೆ: ಹಂಗು. ಕ್ರೈಸ್ತ ದಾನ ಪ್ರಜಾಪ್ರಭುತ್ವಕ್ಕೆ ಕೊಟ್ಟದ್ದು ದೊಡ್ಡದು. ಆದರೆ ಅದರ ಹಂಗನ್ನು ಕಳಚಿಕೊಳ್ಳಲು ಪ್ರಜಾಪ್ರಭುತ್ವ ಸುಮಾರು ಮುನ್ನೂರು ವರ್ಷ ಹೆಣಗಬೇಕಾಯಿತು.

ಒಂದು ಪದದ ಜಗಳ

ಮೊದಲು ಪದದ ವಿಚಾರ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ ಪದ ‘ಅಗಾಪೆ’. ಲ್ಯಾಟಿನ್ನಿನಲ್ಲಿ ಅದು ‘ಕಾರಿತಾಸ್’ ಆಯಿತು, ಅಲ್ಲಿಂದ ಇಂಗ್ಲಿಷಿನ ‘ಚಾರಿಟಿ’ ಹುಟ್ಟಿತು. ಮೂಲದಲ್ಲಿ ಅದು ನಾಣ್ಯ ನೀಡುವ ಕ್ರಿಯೆಯಲ್ಲ. ದೇವರಿಗೂ ಮನುಷ್ಯರಿಗೂ, ಮನುಷ್ಯ ಮನುಷ್ಯರಿಗೂ ನಡುವಿನ ಬಾಂಧವ್ಯ. 1526ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ‘ಚಾರಿಟಿ’ಯನ್ನು ಬಿಟ್ಟು ‘ಲವ್’ ಎಂದು ಬರೆದ. ಸರ್ ಥಾಮಸ್ ಮೋರ್ ಇದನ್ನು ಕಟುವಾಗಿ ಖಂಡಿಸಿದ. ಯಾವುದೋ ಒಂದು ಪ್ರೀತಿಯಲ್ಲ, ಪವಿತ್ರವಾದ ಪ್ರೀತಿ ಮಾತ್ರ ಚಾರಿಟಿ ಎಂಬುದು ಅವನ ವಾದ. ಬರಿಯ ಪ್ರೀತಿ ಸಾಕೆಂದರೆ ದಾನ, ಹರಕೆ, ಮಠಗಳ ಸತ್ಕಾರ್ಯ ಇವೆಲ್ಲ ಗೌಣವಾಗುತ್ತವೆ ಎಂಬ ಆತಂಕವೂ ಅದರ ಹಿಂದಿತ್ತು. 1535ರಲ್ಲಿ ಮೋರ್‌ನ ತಲೆ ಕಡಿದರು, 1536ರಲ್ಲಿ ಟಿಂಡೇಲ್‌ನನ್ನು ಸುಟ್ಟರು. ಪ್ರೀತಿಯ ಬಗ್ಗೆ ಜಗಳವಾಡಿದ ಇಬ್ಬರಿಗೂ ಆ ಕಾಲ ಪ್ರೀತಿ ತೋರಲಿಲ್ಲ.

1611ರ ಅಧಿಕೃತ ಬೈಬಲ್ ಪೌಲನ ಪ್ರಸಿದ್ಧ ಅಧ್ಯಾಯದಲ್ಲಿ ‘ಚಾರಿಟಿ’ಯನ್ನು ಮತ್ತೆ ತಂದಿತು, 1881ರ ಪರಿಷ್ಕೃತ ಆವೃತ್ತಿ ‘ಲವ್’ಗೆ ಮರಳಿತು. ಈ ನಡುವಿನ 270 ವರ್ಷಗಳಲ್ಲಿ ಚಾರಿಟಿ ಎಂಬ ಪದ ಜನರ ಬಾಯಲ್ಲಿ ಬಡವನಿಗೆ ಎಸೆಯುವ ತುತ್ತು ಎಂಬ ಅರ್ಥಕ್ಕೆ ಇಳಿದಿತ್ತು. ಕನ್ನಡ ಬೈಬಲ್ ಅದೇ ಅಧ್ಯಾಯದಲ್ಲಿ ‘ಪ್ರೀತಿ’ ಎನ್ನುತ್ತದೆ. ಕನ್ನಡದ ಆಡುಮಾತು ಮಾತ್ರ ಬೇರೆ ದಾರಿ ಹಿಡಿದಿದೆ. ಸರ್ಕಾರ ತೆರಿಗೆಯಿಂದ ನಡೆಸುವ ಆಸ್ಪತ್ರೆಯನ್ನೂ ಹಳೆಯ ತಲೆಮಾರಿನವರು ‘ಧರ್ಮಾಸ್ಪತ್ರೆ’ ಎಂದೇ ಕರೆಯುತ್ತಿದ್ದರು. ಹಕ್ಕಿನಿಂದ ಬಂದದ್ದನ್ನೂ ಧರ್ಮಕ್ಕೆ ಸಿಕ್ಕಿತು ಎಂದುಕೊಳ್ಳುವ ಅಭ್ಯಾಸ ಇಂಗ್ಲಿಷರದಷ್ಟೇ ಅಲ್ಲ.

ಹಳೆಯ ಒಡಂಬಡಿಕೆಯಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಹೊಲ ಕೊಯ್ಯುವಾಗ ಮೂಲೆಯ ತೆನೆಗಳನ್ನು ಬಿಡಬೇಕು, ಉದುರಿದ್ದನ್ನು ಆಯಬಾರದು. ಅದು ಬಡವರಿಗೆ, ಪರದೇಶಿಗೆ, ವಿಧವೆಗೆ, ಅನಾಥರಿಗೆ ಸೇರಿದ್ದು ಎಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಇದು ದಾನವಲ್ಲ ಎಂಬುದನ್ನು ಗಮನಿಸಬೇಕು. ಹೊಲದ ಯಜಮಾನ ಯಾರಿಗೆ ಕೊಡಬೇಕೆಂದು ಆರಿಸುವಂತಿಲ್ಲ, ಪಡೆದವರು ಅವನ ಮುಂದೆ ಕೈಮುಗಿದು ನಿಲ್ಲಬೇಕಾಗಿಲ್ಲ. ಆಯುವವರು ಬರುತ್ತಾರೆ, ಆಯ್ದುಕೊಂಡು ಹೋಗುತ್ತಾರೆ.

ಆದಿಕಾಲದ ಚರ್ಚಿನ ಗುರುಗಳಾದ ಬಾಸಿಲ್ ಮತ್ತು ಕ್ರಿಸೊಸ್ತೊಮ್ ಕೂಡ ಇದೇ ಧಾಟಿಯಲ್ಲಿ ಮಾತಾಡಿದರು. ಪೆಟ್ಟಿಗೆಯಲ್ಲಿ ಕೊಳೆಯುವ ಬಟ್ಟೆ ಬತ್ತಲೆ ಇರುವವನದು, ಅದನ್ನು ಕೊಡದಿದ್ದರೆ ಅದು ಜಿಪುಣತನವಲ್ಲ, ಕಳವು ಎಂಬುದು ಅವರ ಉಪದೇಶದ ಸಾರ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ತರ್ಕಕ್ಕೆ ಅಳವಡಿಸಿದ: ಪ್ರಾಣ ಹೋಗುವಂಥ ಹಸಿವಿನಲ್ಲಿ ಪರರ ವಸ್ತುವನ್ನು ತೆಗೆದುಕೊಂಡವನು ಕಳ್ಳನಾಗುವುದಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಅದು ಅವನದೇ. ಹೀಗೆ ದಾನವನ್ನು ಕೊಡುವವನ ಪುಣ್ಯವೆಂದು ನೋಡುವ ಒಂದು ದೃಷ್ಟಿ, ಪಡೆಯುವವನ ಪಾಲೆಂದು ನೋಡುವ ಇನ್ನೊಂದು ದೃಷ್ಟಿ ಕ್ರೈಸ್ತ ಪರಂಪರೆಯೊಳಗೇ ಒಟ್ಟಿಗೆ ಬೆಳೆದವು. ಮುಂದಿನ ರಾಜಕೀಯವೆಲ್ಲ ಈ ಎರಡರ ನಡುವಿನ ಎಳೆದಾಟ.

ಪಟ್ನಿ ಚರ್ಚಿನಲ್ಲಿ

ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಇಂಗ್ಲೆಂಡಿನ ಸುಮಾರು 800 ಮಠಗಳನ್ನು ಮುಚ್ಚಿಸಿದ. ಅವುಗಳ ಆಸ್ತಿ ಅರಸನಿಗೂ ಅವನ ಆಪ್ತರಿಗೂ ಹೋಯಿತು. ಮಠದ ಬಾಗಿಲಲ್ಲಿ ಅನ್ನ ಕಾಣುತ್ತಿದ್ದವರು ಬೀದಿಪಾಲಾದರು. ಭಿಕ್ಷುಕರಿಗೆ ಚಾಟಿಯೇಟು, ಕಿವಿಗೆ ಬರೆ ಮುಂತಾದ ಶಿಕ್ಷೆಗಳಿಂದ ಕೆಲಸ ಸಾಗದಾಗ, ಬಡವರ ಪಾಲನೆಗೆ ಕಡ್ಡಾಯ ತೆರಿಗೆ ಹಾಕುವುದೊಂದೇ ದಾರಿ ಎಂದು ಪಾರ್ಲಿಮೆಂಟು ಕಂಡುಕೊಂಡಿತು. ಈ ಪ್ರಯೋಗಗಳೆಲ್ಲ ಒಟ್ಟುಗೂಡಿದ್ದು 1601ರ ಬಡವರ ಕಾಯ್ದೆಯಲ್ಲಿ. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿ, ತನ್ನ ಬಡವರನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿ ಆಸ್ತಿವಂತರಿಂದ ತೆರಿಗೆ ಎತ್ತಬೇಕು.

ದಾನ ಹೀಗೆ ತೆರಿಗೆಯಾಯಿತು. ಆದರೆ ತೆರಿಗೆಯಾದ ಮಾತ್ರಕ್ಕೆ ಹಂಗು ಕಳೆಯಲಿಲ್ಲ. 1697ರ ಒಂದು ಕಾಯ್ದೆಯ ಪ್ರಕಾರ ನೆರವು ಪಡೆಯುವವರು, ಅವರ ಹೆಂಡತಿ ಮಕ್ಕಳು ಸಮೇತ, ಅಂಗಿಯ ಬಲತೋಳಿನ ಮೇಲೆ ಬಡವನೆಂದು ಸೂಚಿಸುವ ‘ಪಿ’ ಅಕ್ಷರವನ್ನೂ ಊರಿನ ಹೆಸರಿನ ಮೊದಲ ಅಕ್ಷರವನ್ನೂ ಕೆಂಪು ಇಲ್ಲವೆ ನೀಲಿ ಬಟ್ಟೆಯಲ್ಲಿ ಹೊಲಿದುಕೊಳ್ಳಬೇಕಿತ್ತು. ಈ ನಿಯಮ ರದ್ದಾದದ್ದು 1810ರಲ್ಲಿ.

ನಡುವೆ 1647ರಲ್ಲಿ ಒಂದು ಅಪೂರ್ವ ಘಟನೆ ನಡೆಯಿತು. ಅರಸ ಮೊದಲನೆಯ ಚಾರ್ಲ್ಸನನ್ನು ಸೋಲಿಸಿದ ಪಾರ್ಲಿಮೆಂಟಿನ ಸೈನ್ಯ ಲಂಡನ್ ಸಮೀಪದ ಪಟ್ನಿಯಲ್ಲಿ ಬೀಡುಬಿಟ್ಟಿತ್ತು. ಥೇಮ್ಸ್ ನದಿಯ ದಂಡೆಯ ಸೇಂಟ್ ಮೇರಿ ಚರ್ಚಿನಲ್ಲಿ ಅಕ್ಟೋಬರ್ 28ರಂದು ಸೈನ್ಯದ ಸಭೆ ಸೇರಿತು. ಅಧ್ಯಕ್ಷತೆ ಕ್ರಾಮ್‌ವೆಲ್‌ನದು. ಸಾಮಾನ್ಯ ಸಿಪಾಯಿಗಳ ಪ್ರತಿನಿಧಿಗಳು, ‘ಲೆವೆಲರ್ಸ್’ ಎಂದು ಹೆಸರಾದ ಸಮತಾವಾದಿಗಳು ಅಲ್ಲಿದ್ದರು. ಪ್ರಶ್ನೆ ಇಷ್ಟೇ: ಇನ್ನು ಮುಂದೆ ದೇಶವನ್ನು ಆಳುವವರನ್ನು ಯಾರು ಆರಿಸಬೇಕು? ಮರುದಿನ ಕರ್ನಲ್ ಥಾಮಸ್ ರೇನ್ಸ್‌ಬರೊ ಎದ್ದು ನಿಂತು, ಇಂಗ್ಲೆಂಡಿನ ಕಡುಬಡವನಿಗೂ ಅತಿ ದೊಡ್ಡವನಿಗಿರುವಂತೆಯೇ ಬಾಳಲೊಂದು ಬದುಕಿದೆ, ತನ್ನ ಒಪ್ಪಿಗೆಯಿಲ್ಲದ ಸರ್ಕಾರಕ್ಕೆ ಅವನು ತಲೆಬಾಗಬೇಕಾಗಿಲ್ಲ ಎಂದು ವಾದಿಸಿದ. ಬಡವನ ಮತವನ್ನು ದೇವರ ನಿಯಮವೆಲ್ಲೂ ಕಸಿದದ್ದು ತನಗೆ ಕಾಣಲಿಲ್ಲ ಎಂಬುದೂ ಅವನ ವಾದದಲ್ಲಿತ್ತು. ಕ್ರಾಮ್‌ವೆಲ್‌ನ ಅಳಿಯ ಹೆನ್ರಿ ಐರ್ಟನ್, ನೆಲದಲ್ಲಿ ಸ್ಥಿರವಾದ ಪಾಲಿಲ್ಲದವನಿಗೆ ದೇಶದ ವ್ಯವಹಾರದಲ್ಲಿ ಮಾತಿಲ್ಲ ಎಂದು ಎದುರಾಡಿದ.

ಈ ಭಾಗ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಅದೇ ದಿನದ ಇನ್ನೊಂದು ಮಾತು ಅಷ್ಟಾಗಿ ಬರುವುದಿಲ್ಲ. ಹಾಗಾದರೆ ಯಾರನ್ನೂ ಹೊರಗಿಡಬಾರದೆ ಎಂಬ ಪ್ರಶ್ನೆ ಎದ್ದಾಗ, ಸಮತಾವಾದಿಗಳ ಕಡೆಯವನೇ ಆದ ಮ್ಯಾಕ್ಸಿಮಿಲಿಯನ್ ಪೆಟ್ಟಿ ಒಂದು ರಿಯಾಯಿತಿ ಕೊಟ್ಟ. ಆಳುಗಳು, ಕಸುಬು ಕಲಿಯುತ್ತಿರುವ ಹುಡುಗರು ಮತ್ತು ಭಿಕ್ಷೆ ಪಡೆಯುವವರು ಹೊರಗಿರಲಿ. ಏಕೆಂದರೆ ಅವರು ಪರರ ಇಚ್ಛೆಗೆ ಕಟ್ಟುಬಿದ್ದವರು, ಕೊಡುವವರನ್ನು ಎದುರುಹಾಕಿಕೊಳ್ಳಲು ಅಂಜುತ್ತಾರೆ. ಬಡವನಿಗೆ ಮತ ಬೇಕೆಂದು ವಾದಿಸಿದವರೇ ಭಿಕ್ಷೆ ಪಡೆದವನಿಗೆ ಬೇಡವೆಂದು ಒಪ್ಪಿದರು. ಇದರ ಅರ್ಥವ್ಯಾಪ್ತಿ ಎಷ್ಟೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವಿದೆ, ಸಿ.ಬಿ. ಮ್ಯಾಕ್‌ಫರ್ಸನ್ 1962ರಲ್ಲಿ ಬರೆದ ಪುಸ್ತಕದಿಂದ ಆ ಚರ್ಚೆ ಕಾವೇರಿತು. ಆದರೆ ಪೆಟ್ಟಿಯ ಮಾತು ಬಡವರ ಬಗೆಗಿನ ತಾತ್ಸಾರದಿಂದ ಹುಟ್ಟಿದ್ದಲ್ಲ. ಹಂಗಿನಲ್ಲಿರುವವನ ಮತ ವಾಸ್ತವವಾಗಿ ಧಣಿಯ ಎರಡನೆಯ ಮತ ಎಂಬ ಲೆಕ್ಕಾಚಾರ ಅದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಮತದಾರನ ಕೆಲಸವೇ ಹಲ್ಲು ಹಿಡಿದು ನೋಡುವುದು.

ಪಟ್ನಿಯ ಮಾತುಗಳು ಉಳಿದ ಬಗೆಯೂ ಸ್ವಾರಸ್ಯಕರ. ಸೈನ್ಯದ ಗುಮಾಸ್ತ ವಿಲಿಯಂ ಕ್ಲಾರ್ಕ್ ಅವನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡ. ಆ ಕಾಗದಗಳು ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜಿನ ಗ್ರಂಥಾಲಯಕ್ಕೆ ಸೇರಿ ದೂಳು ತಿಂದವು. ಚಾರ್ಲ್ಸ್ ಫರ್ತ್ ಅವನ್ನು ಅಚ್ಚು ಹಾಕಿಸಿದ್ದು 1891ರಲ್ಲಿ. ಅಂದರೆ ಲಾಕ್, ಪೇನ್, ಮಿಲ್ ಮೊದಲಾದ ಚಿಂತಕರಾರಿಗೂ ರೇನ್ಸ್‌ಬರೊನ ಆ ಭಾಷಣ ಗೊತ್ತಿರಲಿಲ್ಲ.

ಲಾಕ್‌ನ ಎರಡು ಮುಖ

ಉದಾರವಾದಿ ಪ್ರಜಾಪ್ರಭುತ್ವದ ಮೂಲಪುರುಷರಲ್ಲೊಬ್ಬನಾದ ಜಾನ್ ಲಾಕ್‌ನಲ್ಲಿ ಈ ಎಳೆದಾಟ ಎದ್ದು ಕಾಣುತ್ತದೆ. 1689ರಲ್ಲಿ ಹೊರಬಂದ ಸರ್ಕಾರ ಕುರಿತ ಮೊದಲ ಪ್ರಬಂಧದಲ್ಲಿ ಅವನು, ದುಡಿದ ಫಲಕ್ಕೆ ನ್ಯಾಯ ಹೇಗೆ ಹಕ್ಕು ಕೊಡುತ್ತದೋ ಹಾಗೆಯೇ ಬೇರೆ ದಾರಿಯಿಲ್ಲದವನಿಗೆ ಪರರ ಸಮೃದ್ಧಿಯಲ್ಲಿ ಜೀವ ಉಳಿಯುವಷ್ಟು ಪಾಲಿನ ಹಕ್ಕನ್ನು ಚಾರಿಟಿ ಕೊಡುತ್ತದೆ ಎಂದು ಬರೆಯುತ್ತಾನೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಒಬ್ಬನ ಹಸಿವನ್ನು ಬಳಸಿಕೊಂಡು ಅವನನ್ನು ಅಧೀನನನ್ನಾಗಿ ಮಾಡಿಕೊಳ್ಳುವುದು ಕತ್ತಿ ಹಿಡಿದು ಗುಲಾಮನನ್ನಾಗಿಸುವುದಕ್ಕೆ ಸಮ ಎಂದೂ ಸೇರಿಸುತ್ತಾನೆ. ಅಕ್ವಿನಾಸ್‌ನ ಧ್ವನಿ ಇಲ್ಲಿ ಕೇಳಿಸುತ್ತದೆ. ಅನ್ನ ಕೊಟ್ಟವನಿಗೆ ಆಳುವ ಅಧಿಕಾರ ಬರುವುದಿಲ್ಲ ಎಂಬ ಈ ತತ್ವ ಪ್ರಜಾಪ್ರಭುತ್ವಕ್ಕೆ ಕ್ರೈಸ್ತ ದಾನಚಿಂತನೆ ಕೊಟ್ಟ ಅತಿ ಬೆಲೆಬಾಳುವ ಕಾಣಿಕೆ ಎನ್ನಬೇಕು.

ಅದೇ ಲಾಕ್ 1697ರಲ್ಲಿ ವ್ಯಾಪಾರ ಮಂಡಳಿಯ ಸದಸ್ಯನಾಗಿ ಬಡವರ ಬಗ್ಗೆ ವರದಿ ಬರೆದ. ಖೋಟಾ ಪರವಾನಗಿ ಹಿಡಿದು ಭಿಕ್ಷೆ ಬೇಡುವವರ ಕಿವಿ ಕತ್ತರಿಸಬೇಕು, ಬಡವರ ಮಕ್ಕಳನ್ನು ಮೂರು ವರ್ಷ ದಾಟುತ್ತಲೇ ದುಡಿಮೆಯ ಶಾಲೆಗೆ ಸೇರಿಸಬೇಕು, ಅವರಿಗೆ ರೊಟ್ಟಿ ಸಾಕು, ಚಳಿಗಾಲದಲ್ಲಿ ಬೇಕೆಂದರೆ ಸ್ವಲ್ಪ ಬೆಚ್ಚನೆಯ ಗಂಜಿ ಸೇರಿಸಬಹುದು ಎಂಬುದು ಅದರ ಸಲಹೆಗಳಲ್ಲಿ ಕೆಲವು. ಪುಸ್ತಕದ ಬಡವ ಬೇರೆ, ಕಡತದ ಬಡವ ಬೇರೆ.

ಮೋಶೆಯ ಹಕ್ಕಲಿಗೂ ಕುತ್ತು ಬಂತು. ಸಫಕ್ ಪ್ರಾಂತದ ಮೇರಿ ಹೌಟನ್ ಎಂಬಾಕೆ ಪರರ ಹೊಲದಲ್ಲಿ ಹಕ್ಕಲು ಆಯ್ದಳೆಂದು ಮಾಲೀಕ ದಾವೆ ಹೂಡಿದ. 1788ರ ತೀರ್ಪಿನಲ್ಲಿ ನ್ಯಾಯಾಲಯ ಬಹುಮತದಿಂದ ಅಂಥ ಹಕ್ಕು ಕಾನೂನಿನಲ್ಲಿಲ್ಲ ಎಂದಿತು. ಒಬ್ಬ ನ್ಯಾಯಾಧೀಶ ಬೈಬಲ್ಲಿನ ನಿಯಮವನ್ನೇ ಆಧರಿಸಿ ಭಿನ್ನಮತ ಬರೆದ. ಮೋಶೆಯ ಶಾಸ್ತ್ರ ಇಂಗ್ಲೆಂಡನ್ನು ಕಟ್ಟಿಹಾಕುವುದಿಲ್ಲ, ಬಡವರಿಗೆ ಬಡವರ ಕಾಯ್ದೆ ಇದೆಯಲ್ಲ ಎಂದರು ಉಳಿದವರು. ಯಾರ ಮುಂದೆಯೂ ಕೈಯೊಡ್ಡದೆ ಆಯ್ದುಕೊಳ್ಳಬಹುದಾಗಿದ್ದ ತೆನೆ ಹೋಗಿ, ತೋಳಿಗೆ ಬಿಲ್ಲೆ ಹಚ್ಚಿಕೊಂಡು ಬೇಡಬೇಕಾದ ರೊಟ್ಟಿ ಉಳಿಯಿತು.

ಈ ಗಂಟನ್ನು ನೇರವಾಗಿ ಬಿಚ್ಚಿದವನು ಥಾಮಸ್ ಪೇನ್. ಕ್ವೇಕರ್ ತಂದೆಯ ಮಗ, ಚರ್ಚುಗಳನ್ನು ಕಟುವಾಗಿ ಟೀಕಿಸಿದವನು. ದೇವರು ಶ್ರೀಮಂತರನ್ನೂ ಬಡವರನ್ನೂ ಸೃಷ್ಟಿಸಿರುವುದು ಅವನ ವಿವೇಕವನ್ನೂ ಒಳ್ಳೆಯತನವನ್ನೂ ತೋರಿಸುತ್ತದೆ ಎಂಬರ್ಥದ ಒಂದು ಧರ್ಮೋಪದೇಶವನ್ನು ಲ್ಯಾಂಡಾಫಿನ ಬಿಷಪ್ ವಾಟ್ಸನ್ ಪ್ರಕಟಿಸಿದ್ದ. ಇದು ಕಣ್ಣಿಗೆ ಬಿದ್ದದ್ದೇ ತಡ, ಪೇನ್ 1797ರಲ್ಲಿ ‘ಅಗ್ರೇರಿಯನ್ ಜಸ್ಟಿಸ್’ ಎಂಬ ಕಿರುಹೊತ್ತಗೆಯನ್ನು ಅಚ್ಚಿಗೆ ಕೊಟ್ಟ. ದೇವರು ಸೃಷ್ಟಿಸಿದ್ದು ಗಂಡು ಹೆಣ್ಣುಗಳನ್ನು, ಬಡವ ಬಲ್ಲಿದರನ್ನಲ್ಲ. ಭೂಮಿಯನ್ನು ಕೊಟ್ಟದ್ದು ಎಲ್ಲರಿಗೂ ಒಟ್ಟಾಗಿ. ಆದ್ದರಿಂದ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡು, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡು ಸಲ್ಲಬೇಕು. ಹಣ ಬರಬೇಕಾದದ್ದು ಪಿತ್ರಾರ್ಜಿತ ಆಸ್ತಿಯ ಮೇಲಿನ ಸುಂಕದಿಂದ. ಇದು ಚಾರಿಟಿಯಲ್ಲ, ಹಕ್ಕು ಎಂದು ಪೇನ್ ಒತ್ತಿ ಹೇಳಿದ. ಶ್ರೀಮಂತರಿಗೂ ಈ ಹಣ ಕೊಡಬೇಕೆಂದ. ಎಲ್ಲರೂ ಪಡೆದಾಗ ಯಾರೂ ಬಡವನೆಂಬ ಬಿಲ್ಲೆ ಹಚ್ಚಿಕೊಳ್ಳಬೇಕಾಗಿಲ್ಲ. ವಾದವನ್ನು ಬಿಷಪ್ಪನ ವಿರುದ್ಧ ಹೂಡಿದರೂ ಅದರ ಅಡಿಪಾಯ ಬೈಬಲ್ಲಿನ ಸೃಷ್ಟಿಕಥೆಯೇ ಆಗಿತ್ತು.

ಆ ಕಾಲ ಪೇನ್‌ನ ಮಾತು ಕೇಳಲಿಲ್ಲ, ಪಾದ್ರಿಯೇ ಆಗಿದ್ದ ಮಾಲ್ತಸನ ಮಾತು ಕೇಳಿತು. ನೆರವು ಕೊಟ್ಟಷ್ಟೂ ಬಡವರ ಸಂಖ್ಯೆ ಹೆಚ್ಚುತ್ತದೆ ಎಂಬ ಅವನ ವಾದದ ನೆರಳಿನಲ್ಲಿ 1834ರ ಹೊಸ ಬಡವರ ಕಾಯ್ದೆ ಬಂತು. ದುಡಿಯಬಲ್ಲವನಿಗೆ ನೆರವು ಬೇಕೆಂದರೆ ದುಡಿಮೆಯ ಮನೆಯೊಳಗೆ ಸೇರಬೇಕು. ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಕೆಳಮಟ್ಟದ್ದಾಗಿರಬೇಕು ಎಂಬುದು ಅದರ ಸೂತ್ರ. ಗಂಡ ಹೆಂಡಿರನ್ನು ಬೇರೆ ಬೇರೆ ಇಡುತ್ತಿದ್ದರು. ಗೊಬ್ಬರಕ್ಕಾಗಿ ಮೂಳೆ ಪುಡಿಮಾಡುವ ಕೆಲಸಕ್ಕೆ ಹಚ್ಚಿದ್ದ ಆಂಡೋವರ್ ಎಂಬಲ್ಲಿನ ನಿವಾಸಿಗಳು ಹಸಿವು ತಾಳದೆ ಆ ಮೂಳೆಗಳಿಗೆ ಅಂಟಿದ್ದ ಮಾಂಸವನ್ನೇ ಕಿತ್ತು ತಿನ್ನುತ್ತಿದ್ದ ಸಂಗತಿ 1845ರಲ್ಲಿ ಬಯಲಾಗಿ ದೇಶವೇ ತಲೆತಗ್ಗಿಸಿತು. ಡಿಕನ್ಸನ ಆಲಿವರ್ ಟ್ವಿಸ್ಟ್ ಇನ್ನೊಂದು ತುತ್ತು ಕೇಳಿದ್ದು ಇಂಥದ್ದೇ ಮನೆಯಲ್ಲಿ.

ಇದಕ್ಕೆ ಪ್ರತಿಯಾಗಿ ಬೆಳೆದದ್ದು ಮೆಥಡಿಸ್ಟರ ಪುಟ್ಟ ಪ್ರಾರ್ಥನಾಮಂದಿರಗಳು ಮತ್ತು ಕಾರ್ಮಿಕರ ಪರಸ್ಪರ ಸಹಾಯ ಸಂಘಗಳು. ವಾರಕ್ಕಿಷ್ಟು ಪೆನ್ನಿ ಕಟ್ಟಿ, ಕಾಯಿಲೆಯಾದಾಗ ಪಡೆಯುವುದು. ಕೊಡುವವರೂ ಅವರೇ, ಪಡೆಯುವವರೂ ಅವರೇ. ಕೂಲಿಯಾಳು ಭಾನುವಾರ ಉಪದೇಶ ಮಾಡುತ್ತಿದ್ದ, ಸೋಮವಾರ ಸಂಘದ ಸಭೆಯಲ್ಲಿ ಮಾತಾಡುತ್ತಿದ್ದ. 1834ರಲ್ಲಿ ಸಂಘ ಕಟ್ಟಿದ ತಪ್ಪಿಗೆ ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಟಾಲ್‌ಪಡ್ಲ್ ಗ್ರಾಮದ ಆರು ಕೂಲಿಕಾರರ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥಡಿಸ್ಟ್ ಉಪದೇಶಕನೇ ಆಗಿದ್ದ.

ದಾನಿಯ ಮುಜುಗರ

ದಾನದ ಒಳಗಿನ ಅಸಮಾನತೆ ಕೊಡುವವರಿಗೇ ಅರಿವಾಗತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಲಂಡನ್ನಿನ ವೈಟ್‌ಚಾಪೆಲ್ ಎಂಬ ಬಡ ಬಡಾವಣೆಯ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ, ‘ಯೋಗ್ಯ’ ಬಡವರನ್ನು ‘ಅಯೋಗ್ಯ’ರಿಂದ ಬೇರ್ಪಡಿಸಿ ದಾನ ಕೊಡುತ್ತಿದ್ದ ಸಂಸ್ಥೆಯೊಂದರಲ್ಲಿ ಮೊದಲು ದುಡಿದರು. ಕ್ರಮೇಣ ಅವರಿಗೆ ಆ ಜರಡಿ ಹಿಡಿಯುವ ಕೆಲಸವೇ ಬೇಸರ ತಂದಿತು. 1884ರಲ್ಲಿ ಅವರು ಟಾಯ್ನ್‌ಬೀ ಹಾಲ್ ತೆರೆದರು. ವಿಶ್ವವಿದ್ಯಾಲಯದ ಯುವಕರು ಬಡವರಿಗೆ ಏನನ್ನೋ ಕೊಡಲು ಬರುವುದು ಬೇಡ, ಅವರ ನೆರೆಯವರಾಗಿ ಬಾಳಲು ಬರಲಿ ಎಂಬುದು ಅದರ ಉದ್ದೇಶ.

ಇದನ್ನು ಕಂಡು ಹೋದ ಅಮೆರಿಕದ ಜೇನ್ ಆಡಮ್ಸ್ 1889ರಲ್ಲಿ ಷಿಕಾಗೋದಲ್ಲಿ ಹಲ್ ಹೌಸ್ ಆರಂಭಿಸಿದರು. 1902ರಲ್ಲಿ ಅವರು ಬರೆದ ‘ಡೆಮಾಕ್ರಸಿ ಅಂಡ್ ಸೋಷಿಯಲ್ ಎಥಿಕ್ಸ್’ ಕೃತಿಯಲ್ಲಿ ಪೀಠಿಕೆಯ ನಂತರದ ಮೊದಲ ಅಧ್ಯಾಯವೇ ದಾನಕಾರ್ಯವನ್ನು ಕುರಿತದ್ದು. ಪ್ರಜಾಪ್ರಭುತ್ವದ ಪುಸ್ತಕ ಮತಪೆಟ್ಟಿಗೆಯಿಂದ ತೊಡಗದೆ ದಾನದಿಂದ ತೊಡಗುವುದು ಸಾರ್ಥಕವಾಗಿದೆ. ದಾನಸಂಸ್ಥೆಯ ಪರವಾಗಿ ಒಬ್ಬ ತರುಣಿ ಬಡ ಕುಟುಂಬದ ಮನೆಗೆ ಹೋಗುತ್ತಾಳೆ. ದುಡಿಯಿರಿ, ಉಳಿಸಿರಿ, ಕುಡಿಯಬೇಡಿ ಎನ್ನುತ್ತಾಳೆ. ಆ ಮನೆಯವರು ಬೆಳಗಿನಿಂದ ದುಡಿಯುವವರು. ಈಕೆ ಒಂದು ದಿನವೂ ತನ್ನ ಅನ್ನವನ್ನು ತಾನು ದುಡಿದು ಉಂಡವಳಲ್ಲ. ಅದೇ ಕೇರಿಯಲ್ಲಿ ಪಕ್ಕದ ಮನೆಯಾಕೆ, ತನ್ನ ಮಕ್ಕಳಿಗೇ ಸಾಲದಿದ್ದರೂ, ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರನ್ನು ಲೆಕ್ಕ ಕೇಳದೆ ಒಳಗೆ ಕರೆದುಕೊಳ್ಳುತ್ತಾಳೆ. ವಿಚಾರಣೆ ನಡೆಸಿ, ಅಳೆದು ತೂಗಿ ಬರುವ ಕರುಣೆ ಆ ಜನಕ್ಕೆ ಅರ್ಥವೇ ಆಗುವುದಿಲ್ಲ. ಹಾಗೆಂದು ಆಡಮ್ಸ್ ಆ ತರುಣಿಯನ್ನು ಗೇಲಿ ಮಾಡುವುದಿಲ್ಲ. ಅವಳಿಗಾಗುವ ಮುಜುಗರವೇ ಪ್ರಜಾಪ್ರಭುತ್ವದ ಪಾಠದ ಆರಂಭ ಎಂದು ನೋಡುತ್ತಾರೆ. ತಮ್ಮ ಕಾಲದ ಸಂಬಂಧಗಳಲ್ಲಿ ಸಮಾನತೆಯ ಕೊರತೆ ಬೇರೆಲ್ಲಕ್ಕಿಂತ ದಾನಿ ಮತ್ತು ದಾನ ಪಡೆಯುವವರ ನಡುವೆಯೇ ಢಾಳಾಗಿ ಕಾಣುತ್ತದೆ ಎಂಬುದು ಅವರ ತೀರ್ಮಾನ. ನೂರಕ್ಕೂ ಹೆಚ್ಚು ವರ್ಷಗಳ ಅನಂತರವೂ ಈ ಅಧ್ಯಾಯದ ಹರಿತ ಮೊಂಡಾಗಿಲ್ಲ.

ಇಂಗ್ಲೆಂಡಿನಲ್ಲಿ ಕಾನೂನು ಬದಲಾದದ್ದು 1908ರ ವೃದ್ಧಾಪ್ಯ ವೇತನ ಕಾಯ್ದೆಯಿಂದ. 70 ದಾಟಿದ, ಆದಾಯ ಕಡಿಮೆಯಿದ್ದವರಿಗೆ ವಾರಕ್ಕೆ ಗರಿಷ್ಠ 5 ಶಿಲಿಂಗ್. ಅದರ ಮೊದಲ ಕಲಮಿನಲ್ಲಿಯೇ ಒಂದು ಸಣ್ಣ ಉಪವಾಕ್ಯವಿತ್ತು: ಈ ವೇತನ ಪಡೆದ ಕಾರಣಕ್ಕೆ ಯಾರ ಮತಾಧಿಕಾರವೂ ಹೋಗುವುದಿಲ್ಲ. ಪೆಟ್ಟಿ ಪಟ್ನಿಯಲ್ಲಿ ಕಟ್ಟಿದ ಗಂಟು ಇಲ್ಲಿ ಸಡಿಲವಾಯಿತು. ಆದರೂ ಇತ್ತೀಚೆಗೆ ಬಡವರ ನಿಧಿಯಿಂದ ನೆರವು ಪಡೆದವರಿಗೆ 1910ರ ಕೊನೆಯವರೆಗೆ ಈ ವೇತನ ಸಿಗಲಿಲ್ಲ. ವೇತನ ಪಡೆದವರಲ್ಲಿ ಹೆಂಗಸರೇ ಹೆಚ್ಚು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಅವರಿಗೆ ಮತವೇ ಇರಲಿಲ್ಲವಾದ್ದರಿಂದ ಕಳೆದುಕೊಳ್ಳುವ ಪ್ರಶ್ನೆಯೂ ಇರಲಿಲ್ಲ.

ಹಣ ಸಂದಾಯವಾದದ್ದು 1909ರ ಜನವರಿ 1ರಿಂದ, ಅಂಚೆ ಕಚೇರಿಯಲ್ಲಿ. ಬಡವರ ನಿಧಿಯ ಅಧಿಕಾರಿಯ ಮುಂದೆ ನಿಲ್ಲಬೇಕಾಗಿರಲಿಲ್ಲ. ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದ ಫ್ಲೋರಾ ಥಾಂಪ್ಸನ್ 1939ರ ತಮ್ಮ ‘ಲಾರ್ಕ್ ರೈಸ್’ ಕೃತಿಯಲ್ಲಿ ಆ ದಿನಗಳನ್ನು ನೆನೆದಿದ್ದಾರೆ. ಮುದುಕ ಮುದುಕಿಯರ ಕಣ್ಣಲ್ಲಿ ನೀರು. ಇಷ್ಟು ಉದಾರಿಯಾದವನು ಲಾರ್ಡೇ ಆಗಿರಬೇಕೆಂದು ಅವರು ಮಂತ್ರಿ ಲಾಯ್ಡ್ ಜಾರ್ಜರನ್ನು ‘ಲಾರ್ಡ್ ಜಾರ್ಜ್’ ಮಾಡಿ ಹರಸಿದರು. ಹಣ ಎಣಿಸಿ ಕೊಟ್ಟ ಹುಡುಗಿಗೂ ತಮ್ಮ ಹಿತ್ತಲ ಹೂವು, ಸೇಬು ತಂದುಕೊಟ್ಟರು. ಕಾನೂನು ಅದನ್ನು ಹಕ್ಕೆಂದು ಬರೆದಿತ್ತು, ಅವರು ಅದನ್ನು ಕೃಪೆಯೆಂದು ಸ್ವೀಕರಿಸಿದರು.

1918ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಬಡವರ ನೆರವು ‘ಅಥವಾ ಇತರ ಭಿಕ್ಷೆ’ ಪಡೆದ ಕಾರಣಕ್ಕೆ ಮತ ಹೋಗುವುದನ್ನು ಪೂರ್ತಿ ನಿಲ್ಲಿಸಿತು. ಮುಂದಿನ ಕಥೆಯಲ್ಲಿ ಟಾಯ್ನ್‌ಬೀ ಹಾಲಿನ ಹಳೆಯ ನಿವಾಸಿಗಳೇ ತುಂಬಿದ್ದಾರೆ. ವಿಲಿಯಂ ಬೆವರಿಜ್ ಅಲ್ಲಿನ ಉಪಮೇಲ್ವಿಚಾರಕರಾಗಿದ್ದರು, ಆರ್.ಎಚ್. ಟಾನಿ ಅಲ್ಲಿ ನೆಲೆಸಿದ್ದರು, ಕ್ಲೆಮೆಂಟ್ ಆಟ್ಲಿ ಕೆಲಕಾಲ ಕಾರ್ಯದರ್ಶಿಯಾಗಿದ್ದರು. ಟಾನಿಯವರ ಶಾಲಾ ಗೆಳೆಯ ವಿಲಿಯಂ ಟೆಂಪಲ್ 1942ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದರು; ಕ್ರೈಸ್ತ ಧರ್ಮ ಮತ್ತು ಸಮಾಜ ವ್ಯವಸ್ಥೆಯನ್ನು ಕುರಿತ ಅವರ ಪುಸ್ತಕ ಬಂದದ್ದು ಅದೇ ವರ್ಷ. ಡಿಸೆಂಬರಿನಲ್ಲಿ ಬೆವರಿಜ್ ವರದಿ ಹೊರಬಿತ್ತು. ಆಟ್ಲಿ ಪ್ರಧಾನಿಯಾಗಿದ್ದ 1948ರಲ್ಲಿ ರಾಷ್ಟ್ರೀಯ ನೆರವಿನ ಕಾಯ್ದೆ ಬಂದು, ಹಳೆಯ ಬಡವರ ಕಾನೂನು ಇನ್ನಿಲ್ಲವೆಂದು ಮೊದಲ ಕಲಮಿನಲ್ಲಿಯೇ ಸಾರಿತು. 1601ರಿಂದ ಲೆಕ್ಕ ಹಾಕಿದರೆ 347 ವರ್ಷ.

ಡಬ್ಲಿನ್ನಿನಿಂದ ದೆಹಲಿಗೆ

ಕ್ಯಾಥೊಲಿಕ್ ಲೋಕದಲ್ಲಿ ಇದೇ ವಾದ ಬೇರೆ ಹಾದಿಯಲ್ಲಿ ನಡೆದಿತ್ತು. ಹದಿಮೂರನೆಯ ಲಿಯೊ ಪೋಪ್ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಸುತ್ತೋಲೆ ಕಾರ್ಮಿಕನಿಗೆ ಬದುಕಲು ಸಾಲುವಷ್ಟು ಕೂಲಿ ನ್ಯಾಯದ ವಿಷಯ ಎಂದಿತು. ಮಿಕ್ಕಿದ್ದನ್ನು ಬಡವರಿಗೆ ಹಂಚುವುದು ಮಾತ್ರ, ಪ್ರಾಣಾಪಾಯದ ಸಂದರ್ಭ ಬಿಟ್ಟರೆ, ಚಾರಿಟಿಯ ಕರ್ತವ್ಯ, ಕಾನೂನಿನಿಂದ ಹೇರುವಂಥದ್ದಲ್ಲ ಎಂದೂ ಸೇರಿಸಿತು. ನಲವತ್ತು ವರ್ಷಗಳ ಅನಂತರ 1931ರ ಸುತ್ತೋಲೆ ಒಂದು ಹೆಜ್ಜೆ ಮುಂದಿಟ್ಟಿತು: ಸಲ್ಲಬೇಕಾದ ನ್ಯಾಯವನ್ನು ತಡೆಹಿಡಿದು ಅದರ ಜಾಗದಲ್ಲಿ ದಾನ ಕೊಟ್ಟರೆ ನಡೆಯದು.

ಈ ಸುತ್ತೋಲೆಗಳ ಪ್ರಭಾವ ಎದ್ದು ಕಾಣುವುದು ಡಿ ವೆಲೆರಾ ಮುಂದಾಳುತನದಲ್ಲಿ ರೂಪುಗೊಂಡ ಐರ್ಲೆಂಡಿನ 1937ರ ಸಂವಿಧಾನದಲ್ಲಿ. ಅದರ 45ನೆಯ ವಿಧಿ ಸಾಮಾಜಿಕ ನೀತಿಯ ನಿರ್ದೇಶಕ ತತ್ವಗಳನ್ನು ಪಟ್ಟಿ ಮಾಡುತ್ತದೆ. ದುರ್ಬಲ ವರ್ಗಗಳ ಆರ್ಥಿಕ ಹಿತವನ್ನು ವಿಶೇಷ ಆಸ್ಥೆಯಿಂದ ಕಾಯುವುದು, ಅಗತ್ಯವಿದ್ದಲ್ಲಿ ಅಶಕ್ತರು, ವಿಧವೆಯರು, ಅನಾಥರು, ವೃದ್ಧರ ಪೋಷಣೆಗೆ ನೆರವಾಗುವುದು ರಾಜ್ಯದ ಸಂಕಲ್ಪ. ವಿಧವೆ ಮತ್ತು ಅನಾಥ ಇಲ್ಲಿಗೆ ಬಂದದ್ದು ಮೋಶೆಯ ಹೊಲದ ಅಂಚಿನಿಂದ.

ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಬ್ರಿಟನ್‌ಗಳ ಜೊತೆಗೆ ಐರ್ಲೆಂಡಿಗೂ ಹೋಗಿ ಡಿ ವೆಲೆರಾ ಅವರನ್ನು ಕಂಡು ಬಂದರು. ರಾಜ್ಯ ನಿರ್ದೇಶಕ ತತ್ವಗಳ ಕಲ್ಪನೆ ಭಾರತಕ್ಕೆ ಬಂದದ್ದು ಐರ್ಲೆಂಡಿನಿಂದ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. 46ನೆಯ ವಿಧಿಯಲ್ಲಿ ದುರ್ಬಲ ವರ್ಗಗಳ ಹಿತವನ್ನು ವಿಶೇಷ ಆಸ್ಥೆಯಿಂದ ಬೆಳೆಸಬೇಕು ಎನ್ನುವ ಮಾತು ಐರಿಷ್ ಪಾಠಕ್ಕೆ ಬಲು ಹತ್ತಿರ. ಆದರೆ ಇಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹೆಸರು ಸೇರಿತು, ಸಾಮಾಜಿಕ ಅನ್ಯಾಯ ಮತ್ತು ಶೋಷಣೆಯಿಂದ ರಕ್ಷಣೆ ಎಂಬ ಮಾತು ಸೇರಿತು. ಇನ್ನೂ ಮುಖ್ಯವಾದ ಬದಲಾವಣೆ 41ನೆಯ ವಿಧಿಯಲ್ಲಿದೆ. ವೃದ್ಧರು, ರೋಗಿಗಳು, ಅಂಗವಿಕಲರು, ನಿರುದ್ಯೋಗಿಗಳ ವಿಚಾರದಲ್ಲಿ ಅದು ಪೋಷಣೆಗೆ ನೆರವು ಎನ್ನುವುದಿಲ್ಲ. ಸಾರ್ವಜನಿಕ ನೆರವಿನ ಹಕ್ಕು ಎನ್ನುತ್ತದೆ. ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತು ಅದಕ್ಕಿದೆ. ನ್ಯಾಯಾಲಯದಲ್ಲಿ ಕೇಳಿ ಪಡೆಯುವಂಥದ್ದಲ್ಲ ಎಂಬ 37ನೆಯ ವಿಧಿಯ ಬೀಗವೂ ಇದೆ. ಮತದ ವಿಷಯದಲ್ಲಿ ಮಾತ್ರ ಇಂಥ ಷರತ್ತಿಲ್ಲ. 326ನೆಯ ವಿಧಿ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಹೊಲವಿದೆಯೆ, ಓದು ಬಲ್ಲೆಯಾ, ಯಾರ ಅನ್ನ ಉಣ್ಣುತ್ತೀ ಎಂದು ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲು ರೊಟ್ಟಿ ಬಂತು, ಅದರ ಹಂಗಿನಿಂದ ಬಿಡಿಸಿಕೊಂಡು ಮತ ಬರಲು ಮುನ್ನೂರು ವರ್ಷ ಹಿಡಿಯಿತು. ಇಲ್ಲಿ ಮತ ಮೊದಲು ಬಂತು. ದೇಶವ್ಯಾಪಿಯಾಗಿ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ನೆರವಿನ ಕಾರ್ಯಕ್ರಮ ಆರಂಭವಾದದ್ದು 1995ರ ಆಗಸ್ಟ್ 15ರಂದು.

2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿ, ಬಡ ಕುಟುಂಬಗಳಿಗೆ ಅಕ್ಕಿ, ಗೋಧಿ ಕಾನೂನುಬದ್ಧ ಹಕ್ಕು ಎಂದಿತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ಸರ್ಕಾರ ಕೆ.ಜಿ.ಗೆ 1 ರೂಪಾಯಿಯಂತೆ ಅಕ್ಕಿ ಕೊಡುವ ಯೋಜನೆ ಆರಂಭಿಸಿತು. ಅದಕ್ಕೆ ಇಟ್ಟ ಹೆಸರು ‘ಅನ್ನಭಾಗ್ಯ’.